ನೆನೆಯುವವರ ನಿದ್ದೆ

ನಮ್ಮ ಊರಿನಲ್ಲಿ ಕಾಫಿ ಕುಡಿದವರ ನಿದ್ದೆ ಮಾಯವಾಗುವುದಿಲ್ಲ. ಆ ಹೊತ್ತಿನಲ್ಲಿ ಊರೊಳಗೆ ಅವರನ್ನು ಎಲ್ಲರಿಗಿಂತ ಹೆಚ್ಚಾಗಿ ನೆನೆಯುತ್ತಿರುವವರು ಯಾರೋ, ಅವರ ಕಣ್ಣಿಗೆ ಹೋಗಿ ಕೂರುತ್ತದೆ. ಚಹಾಕ್ಕೂ ಅದೇ ಕಾಯಿದೆ. ಹುಟ್ಟಿದಾಗಿನಿಂದ ನೋಡಿಕೊಂಡು ಬಂದವರಿಗೆ ಇದರಲ್ಲಿ ವಿಶೇಷವೇನೂ ಇಲ್ಲ. ಮದುವೆ ಮನೆಯಲ್ಲಿ ಗಂಡಿಗೆ ಕಾಫಿ ಕೊಡುವ ಪದ್ಧತಿ ನಮ್ಮಲ್ಲಿಲ್ಲ, ಯಾಕೆಂದರೆ ಅವನು ಕುಡಿದರೆ ಹುಡುಗಿ ಹಸೆಮಣೆಯ ಮೇಲೇ ತೂಕಡಿಸುತ್ತಾಳೆ. ತೂಕಡಿಸದಿದ್ದರೆ ಇನ್ನೂ ಅವಮಾನ. ಒಮ್ಮೆ ಅಂಚೆ ಕಚೇರಿಯ ಗುಮಾಸ್ತ ಹೋಟೆಲಿನಲ್ಲಿ ಒಂದು ಲೋಟ ಇಳಿಸಿದ ಗಳಿಗೆಯಲ್ಲೇ ಅಕ್ಕಿ ಗಿರಣಿಯ ಯಜಮಾನರ ಹೆಂಡತಿ ಪೂಜೆಯ ಗಂಟೆ ಹಿಡಿದುಕೊಂಡೇ ಗೋಡೆಗೆ ಒರಗಿಬಿಟ್ಟಳು. ಮಾರನೆಯ ವಾರ ಗುಮಾಸ್ತನಿಗೆ ವರ್ಗವಾಯಿತು. ಪುರಸಭೆಯ ಅಧ್ಯಕ್ಷರು ಜನಕ್ಕೆ ತಮ್ಮ ಮೇಲೆ ಎಷ್ಟು ಪ್ರೀತಿ ಎಂದು ತೋರಿಸಲು ವೇದಿಕೆ ಹತ್ತಿ ಎರಡು ಲೋಟ ಕುಡಿದರು. ನಿದ್ದೆಗೆ ಬಿದ್ದವನು ಚುನಾವಣೆಯಲ್ಲಿ ಅವರೆದುರು ಸೋತ ಚೌಡಪ್ಪನೊಬ್ಬನೇ. ನೆನೆಯುವುದಕ್ಕೆ ಪ್ರೀತಿಯೇ ಆಗಬೇಕೆಂದೇನೂ ಇಲ್ಲ, ಹೊಟ್ಟೆಕಿಚ್ಚೂ ಆಗುತ್ತದೆ.

ಪರೀಕ್ಷೆಯ ಕಾಲ ಬಂದರೆ ಊರಿನ ರೂಪವೇ ಬದಲಾಗುತ್ತದೆ. ಓದುವ ಮಕ್ಕಳ ತಾಯಂದಿರು ಸಂತೆಗೆ ಬರುವಾಗ ಕಂಕುಳಲ್ಲಿ ಚಾಪೆ ಇಟ್ಟುಕೊಂಡೇ ಬರುತ್ತಾರೆ. ಬದನೆಕಾಯಿ ಆರಿಸುತ್ತಿರುವಾಗಲೇ ಕಣ್ಣು ಎಳೆದರೆ ಅಲ್ಲೇ ಹಾಸಿ ಮಲಗುತ್ತಾರೆ. ಅಂಗಡಿಯವಳು ತಕ್ಕಡಿ ಪಕ್ಕಕ್ಕಿಟ್ಟು ಅವರ ಮುಖಕ್ಕೆ ಸೆರಗು ಎಳೆದು ನೊಣ ಓಡಿಸುತ್ತಾಳೆ. ಬಸ್ಸು ಓಡಿಸುವವರ ಮಕ್ಕಳು, ತೆಂಗಿನ ಮರ ಹತ್ತುವವರ ಮಕ್ಕಳು, ಕಮ್ಮಾರರ ಮಕ್ಕಳು ಮಾತ್ರ ಕಾಫಿ ಮುಟ್ಟುವ ಹಾಗಿಲ್ಲ. ಅವರು ಹೇಗೋ ಓದಿ ಹೇಗೋ ಪಾಸಾಗಬೇಕು, ಇಲ್ಲವೇ ಓದು ಬಿಡಬೇಕು. ಬಿಟ್ಟವರೇ ಹೆಚ್ಚು.

ನಾನು ಚೆನ್ನಾಜಿ. ನನ್ನ ಅವ್ವ ದೇವೀರಮ್ಮ ಬಾವಿಯ ಹಗ್ಗ ಹಿಡಿಯುವವಳು. ನಮಗೆ ಹೊಳೆಯಿಲ್ಲ, ಕೆರೆಯಿಲ್ಲ, ಇರುವುದೆಲ್ಲ ಬಾವಿಗಳು; ಒಂದಲ್ಲ ಒಂದು ಬಾವಿಯ ಹೂಳು ತೆಗೆಯುವ ಕೆಲಸ ವರ್ಷವಿಡೀ ಇದ್ದೇ ಇರುತ್ತದೆ. ಇಳಿಯುವವನ ಸೊಂಟಕ್ಕೆ ಕಟ್ಟಿದ ಹಗ್ಗ ರಾಟೆಯ ಮೇಲೆ ಹಾದು, ಕಟ್ಟೆಯ ಕಲ್ಲುಗೂಟಕ್ಕೆ ಎರಡು ಸುತ್ತು ಸುತ್ತಿ, ಕೊನೆಗೆ ಒಬ್ಬರ ಕೈಯಲ್ಲಿರುತ್ತದೆ. ಕೆಳಗಿನಿಂದ ಒಂದು ಸಲ ಜಗ್ಗಿದರೆ ಸಡಿಲ ಬಿಡಬೇಕು, ಎರಡು ಸಲ ಜಗ್ಗಿದರೆ ಮೇಲಕ್ಕೆ ಎಳೆಯಲು ಆಳುಗಳನ್ನು ಕರೆಯಬೇಕು. ಕಾಲು ಜಾರಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಹಗ್ಗ ಬಿಗಿಯಬೇಕು. ಅದಕ್ಕೆ ತೋಳಿನ ಬಲಕ್ಕಿಂತ ಎಚ್ಚರ ಮುಖ್ಯ. ಹಿಂದೆ ಈ ಕೆಲಸ ಗುರುಬಸವಯ್ಯನದು. ನಮ್ಮ ಅಪ್ಪ ಅಗಸರ ಬಾವಿಗೆ ಇಳಿದಿದ್ದ ದಿನ ಗುರುಬಸವಯ್ಯನ ಮಗ ಮೆಟ್ರಿಕ್ ಪರೀಕ್ಷೆಗೆಂದು ಗೆಳೆಯನ ಮನೆಯಲ್ಲಿ ಒಂದು ಲೋಟ ಕಾಫಿ ಕುಡಿದ. ಅಪ್ಪನನ್ನು ಮೇಲೆ ತಂದಾಗಲೂ ಗುರುಬಸವಯ್ಯ ನಿದ್ದೆಯಲ್ಲೇ ಇದ್ದನಂತೆ. ಯಾರನ್ನು ಬೈಯುವುದು? ಮಗನನ್ನು ನೆನೆದದ್ದೇ ತಪ್ಪು ಎಂದು ಯಾವ ಬಾಯಲ್ಲಿ ಹೇಳುವುದು?

ಆಮೇಲೆ ಹಗ್ಗ ಹಿಡಿಯಲು ಯಾರೂ ಮುಂದೆ ಬರಲಿಲ್ಲ. ಬಾವಿ ಕೆಲಸದ ಮೇಸ್ತ್ರಿ ಬೋರಣ್ಣ ಹದಿಮೂರನೆಯ ದಿನ ನಮ್ಮ ಮನೆಗೆ ಬಂದು ಜಗಲಿಯ ತುದಿಯಲ್ಲಿ ಕೂತ. "ದೇವೀರಮ್ಮ, ನಿನ್ನ ಕಣ್ಣು ಚುರುಕಾಗೈತೆ. ನಿಂಗೆ ಇರೋದು ಒಂದೇ ಕೂಸು. ಈ ಕೂಸು ಕಾಫಿ ಮುಟ್ಟದಂಗಿದ್ರೆ ಹಗ್ಗ ನಿಂಗೇ ಕೊಡ್ತೀನಿ" ಎಂದ. ಅವ್ವ ನನ್ನ ಮುಖ ನೋಡಿದಳು. ನನಗಾಗ ಹನ್ನೊಂದು ವರ್ಷ. ಬೋರಣ್ಣ ತಂದಿದ್ದ ಹಗ್ಗದ ಸುರುಳಿಯ ಮೇಲೆ ಕೈಯಿಟ್ಟು, ಜೀವ ಇರುವವರೆಗೂ ಕುಡಿಯುವುದಿಲ್ಲ ಎಂದೆ. ಹನ್ನೊಂದು ವರ್ಷದವಳಿಗೆ ಆಣೆ ಅಂದರೆ ಆಟ. ಕಾಫಿಯ ರುಚಿಯೇ ಗೊತ್ತಿಲ್ಲದವಳು ಅದನ್ನು ಬಿಟ್ಟೆನೆಂದು ಬೀಗಿದೆ.

ಅದು ಆಟವಲ್ಲ ಎಂದು ತಿಳಿದದ್ದು ಊರಿನ ವೈದ್ಯಕೀಯ ಕಾಲೇಜಿಗೆ ಸೇರಿದ ಮೇಲೆ. ನಾನು ಡಾಕ್ಟರಾಗಬೇಕೆಂಬುದು ಅವ್ವನ ಹಟ. ಅಪ್ಪನನ್ನು ಮೇಲೆ ತಂದಾಗ ಇನ್ನೂ ಉಸಿರಿತ್ತಂತೆ, ಮುಂದೇನು ಮಾಡಬೇಕೆಂದು ಗೊತ್ತಿದ್ದವರು ಸುತ್ತ ಒಬ್ಬರೂ ಇರಲಿಲ್ಲವಂತೆ. ಐದು ವರ್ಷದ ಓದು. ಮನುಷ್ಯನ ಮೈಯಲ್ಲಿ ಇಷ್ಟೆಲ್ಲ ಸಾಮಾನು ಇದೆಯೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಒಂದು ಅಂಗೈ ಬಗ್ಗೆಯೇ ನಲವತ್ತು ಪುಟ. ತರಗತಿಯಲ್ಲಿದ್ದ ಎಲ್ಲರೂ ಕಾಫಿಯ ಮೇಲೆಯೇ ಓದುತ್ತಿದ್ದರು. ನನ್ನ ಗೆಳತಿ ತಾಹಿರಾಳ ನಾನಿಗೆ ಮಂಡಿನೋವು. ಮೊಮ್ಮಗಳು ದಿನಕ್ಕೆ ಮೂರು ಲೋಟ ಕುಡಿದು ಓದಿದಷ್ಟೂ ಆ ಮುದುಕಿಗೆ ಒಳ್ಳೆಯ ನಿದ್ದೆ. "ನನ್ನ ಹುಡುಗಿ ಪಾಸಾಗೋವರೆಗೂ ನನಗೆ ಮಾತ್ರೆ ಬೇಡಪ್ಪ" ಎಂದು ನಾನಿ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದರು. ಕೆಲವರಿಗೆ ದೇವರು ಎಲ್ಲವನ್ನೂ ಹೊಂದಿಸಿಯೇ ಕೊಟ್ಟಿರುತ್ತಾನೆ.

ನಾನು ಮಾಡದ ಉಪಾಯವಿಲ್ಲ. ಕೋಳಿ ಕೂಗುವ ಮೊದಲೇ ಎದ್ದು ತಣ್ಣೀರಿನ ಬಕೆಟ್ಟಿನಲ್ಲಿ ಕಾಲಿಟ್ಟುಕೊಂಡು ಓದಿದೆ. ನೆಗಡಿಯಾಯಿತು, ನರಗಳ ಹೆಸರು ತಲೆಗೆ ಹತ್ತಲಿಲ್ಲ. ಕಾಳುಮೆಣಸು ಅಗಿದೆ. ಜಡೆಯನ್ನು ಗೋಡೆಯ ಗೂಟಕ್ಕೆ ಕಟ್ಟಿಕೊಂಡೆ. ಜಡೆ ಎಳೆದರೂ ಎಚ್ಚರವಾಗದಷ್ಟು ಗಾಢವಾಗಿ ನಿದ್ದೆ ಹೋಗಬಹುದೆಂದು ಆಗ ಗೊತ್ತಾಯಿತು. ಹಿತ್ತಲಿನಲ್ಲಿ ಕುಂಟಾಬಿಲ್ಲೆಯ ಮನೆಗಳನ್ನು ಗೀಚಿ, ಒಂದೊಂದು ಮನೆಗೂ ಮಣಿಕಟ್ಟಿನ ಒಂದೊಂದು ಮೂಳೆಯ ಹೆಸರಿಟ್ಟು, ಕುಂಟುತ್ತ ಬಾಯಿಪಾಠ ಮಾಡಿದೆ. ಅದೊಂದು ಮಾತ್ರ ಚೆನ್ನಾಗಿ ನಿಂತಿತು. ಇವತ್ತಿಗೂ ಮಣಿಕಟ್ಟು ಮುರಿದವರು ಬಂದರೆ ನನ್ನ ಒಂದು ಕಾಲು ತಾನಾಗಿ ಮೇಲೇಳುತ್ತದೆ. ಮಧ್ಯಾಹ್ನ ಇಪ್ಪತ್ತು ನಿಮಿಷ ಮಲಗಿದರೆ ತಲೆ ತಿಳಿಯಾಗುತ್ತದೆಂದು ಎಲ್ಲೋ ಓದಿ ಒಂದು ದಿನ ಮಲಗಿದೆ. ಎದ್ದಾಗ ದೀಪ ಹಚ್ಚುವ ಹೊತ್ತು. ಪಿತ್ತಕೋಶದ ಚಿತ್ರದ ಶಾಯಿ ಕೆನ್ನೆಗೆ ಅಂಟಿಕೊಂಡಿತ್ತು.

ಮನೆಯ ಕೆಲಸವೂ ಇತ್ತಲ್ಲ. ಅವ್ವ ಬೆಳಗಿನಿಂದ ಸಂಜೆಯವರೆಗೆ ಬಾವಿಕಟ್ಟೆಯ ಮೇಲೆ. ನೀರು ಸೇದುವುದು, ಅಡಿಗೆ, ಬಟ್ಟೆ ಎಲ್ಲ ನನ್ನದೇ. ಆದರೂ ಆ ಮೊದಲ ಎರಡು ವರ್ಷ ನನಗೆ ಕಷ್ಟ ಎನ್ನಿಸಲಿಲ್ಲ, ಯಾಕೆಂದರೆ ಅವ್ವ ಇದ್ದಳು. ಕೆಲಸ ಮುಗಿಸಿ ಬಂದವಳು ಕಾಲು ತೊಳೆಯುವ ಮೊದಲೇ "ಏನುಂಡೆ?" ಎಂದು ಕೇಳುತ್ತಿದ್ದಳು. ಸೆರಗಿನ ಗಂಟಿನಲ್ಲಿ ಹುರಿಗಡಲೆ ತಂದು ನನ್ನ ಪುಸ್ತಕದ ಮೇಲೆ ಸುರಿಯುತ್ತಿದ್ದಳು. ಓದಲು ಬಾರದವಳು ನನ್ನ ಪಕ್ಕ ಕೂತು, ನಾನು ಓದಿದ ಪುಟದ ಮೇಲೆ ಬೆರಳಾಡಿಸಿ, "ಇದ್ರಲ್ಲಿ ನಿಮ್ಮಪ್ಪಂಗೆ ಆಗಿದ್ದು ಎಲ್ಲೈತೆ?" ಎನ್ನುತ್ತಿದ್ದಳು.

ಎರಡನೆಯ ವರ್ಷದ ಪರೀಕ್ಷೆಯಲ್ಲಿ ನಾನು ಫೇಲಾದೆ. ಉತ್ತರ ಗೊತ್ತಿತ್ತು, ಬರೆಯುತ್ತ ಬರೆಯುತ್ತ ಹಾಳೆಯ ಮೇಲೇ ಮಲಗಿಬಿಟ್ಟಿದ್ದೆ. ನಮ್ಮ ಪ್ರಾಧ್ಯಾಪಕರು ಸುಬ್ಬಣ್ಣಾಚಾರ್ ಎಂಬವರು, ಕೆಟ್ಟವರಲ್ಲ, ಕರೆದು ಕೂರಿಸಿಕೊಂಡು ಹೇಳಿದರು. "ನೋಡಮ್ಮ, ಬರೀ ಹಟದಿಂದ ಆಗೋ ಓದಲ್ಲ ಇದು. ಕೊನೆ ವರ್ಷ ಹನ್ನೆರಡು ದಿನದಲ್ಲಿ ಹನ್ನೊಂದು ಪತ್ರಿಕೆ. ಕಾಫಿ ಇಲ್ಲದೆ ಅದನ್ನ ದಾಟಿದವರನ್ನ ನಾನು ಕಂಡಿಲ್ಲ. ಇನ್ನೊಂದು ಸಲ ಫೇಲಾದ್ರೆ ಹೆಸರು ಹೊಡೀತಾರೆ. ಒಂದೋ ನಿಮ್ಮ ತಾಯಿ ಹಗ್ಗ ಬಿಡಬೇಕು, ಇಲ್ಲ ನೀನು ಪುಸ್ತಕ ಬಿಡಬೇಕು." ನಾನು ಅದನ್ನು ಮನೆಗೆ ಬಂದು ಅವ್ವನಿಗೆ ಹಾಗೆಯೇ ಹೇಳಿದೆ. ಅವ್ವ ಹಗ್ಗ ಬಿಟ್ಟರೆ ಕಾಲೇಜಿಗೆ ದುಡ್ಡು ಕಟ್ಟುವುದು ಎಲ್ಲಿಂದ, ಬಾವಿಗೆ ಇಳಿಯುವವರ ಗತಿ ಏನು? ನಾನು ಅಕ್ಕಿ ಆರಿಸಲು ಕೂತು ಮೊರದ ಮೇಲೇ ಮುಖವಿಟ್ಟು ಮಲಗಿದ್ದೆನಂತೆ. ಎದ್ದಾಗ ಅವ್ವ ಎದುರಿಗೆ ಕೂತು ನನ್ನನ್ನೇ ನೋಡುತ್ತಿದ್ದಳು. ಅವಳು ನನ್ನನ್ನು ಹಾಗೆ ನೋಡಿದ್ದು ಅದೇ ಕೊನೆ.

ಆಮೇಲಿನದು ಒಂದೇ ದಿನದಲ್ಲಿ ಆದದ್ದಲ್ಲ, ಹಾಗಾಗಿ ತಕ್ಷಣ ನನಗೆ ತಿಳಿಯಲಿಲ್ಲ. ಮೊದಲು ಹುರಿಗಡಲೆ ನಿಂತಿತು. ಆಮೇಲೆ "ಏನುಂಡೆ?" ಎನ್ನುವುದು ನಿಂತಿತು. ನನ್ನ ಚಿಕ್ಕಂದಿನ ಗೆಜ್ಜೆ, ಲಂಗ, ಸ್ಲೇಟು ಇದ್ದ ತಗಡಿನ ಪೆಟ್ಟಿಗೆಯನ್ನು ಅವ್ವ ಬೋರಣ್ಣನ ಸೊಸೆಗೆ ಕೊಟ್ಟುಬಿಟ್ಟಳು. ಹಾಸಿಗೆಯನ್ನು ನಡುಮನೆಯಿಂದ ಜಗಲಿಗೆ ಸಾಗಿಸಿದಳು. ನಾನು ಎದುರು ಬಂದರೆ ಬಾಯಲ್ಲಿ ಏನೋ ಪಿಟಿಪಿಟಿ ಎಣಿಸಿಕೊಳ್ಳುತ್ತ ಹಾದುಹೋಗುತ್ತಿದ್ದಳು. ಮರುಪರೀಕ್ಷೆಯಲ್ಲಿ ಹೇಗೋ ದಾಟಿ ಸೇರಿದ ಮೂರನೆಯ ವರ್ಷ ನನಗೆ ವಿಷಮಶೀತ ಜ್ವರ ಬಂದು ಗೋಡೆ ಹಿಡಿದು ನಡೆಯುತ್ತಿದ್ದಾಗ, "ಮಾತ್ರೆ ಗೂಡಲ್ಲೈತೆ" ಎಂದು ಹೇಳಿ ಕೆಲಸಕ್ಕೆ ಹೋದಳು. ಫೇಲಾದ ಮಗಳ ಮುಖ ನೋಡಲು ಅವಳಿಗೆ ಅಸಹ್ಯವೆಂದೇ ತಿಳಿದೆ. ಹೆತ್ತವಳ ಕಣ್ಣಿನಲ್ಲಿ ಸಣ್ಣವಳಾಗುವುದು ಎಂಥ ನೋವೆಂದು ಬಲ್ಲವರೇ ಬಲ್ಲರು. ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟೆ.

"ಯಾಕವ್ವ ನನ್ನ ಮೇಲೆ ಇಷ್ಟು ಕೋಪ?"

"ಕೋಪ ಯಾಕವ್ವ," ಎಂದಳು. ಸೊಪ್ಪು ಬಿಡಿಸುತ್ತಿದ್ದ ಕೈ ನಿಲ್ಲಲಿಲ್ಲ. "ನಿನ್ನ ಕೆಲ್ಸ ನೀನು ಮಾಡ್ಕೊ, ನನ್ನ ಕೆಲ್ಸ ನಾನು ಮಾಡ್ಕೊತೀನಿ."

ಅಂದಿನಿಂದ ನಾನು ಹಲ್ಲು ಕಚ್ಚಿ ಓದಿದೆ. ಅವ್ವ ನನ್ನನ್ನು ಮಾತನಾಡಿಸದಿದ್ದರೂ ಪರವಾಗಿಲ್ಲ, ನಾನು ಅವಳ ಕಣ್ಣಿಗೆ ನಿದ್ದೆ ಕಳಿಸುವುದಿಲ್ಲ. ಕಾಫಿಯಿಲ್ಲದೆ ಪಾಸಾಗಿ ಅವಳ ಮುಂದೆ ನಿಂತು ತೋರಿಸುತ್ತೇನೆ. ನನ್ನಲ್ಲಿ ಉಳಿದಿದ್ದದ್ದು ಈ ಒಂದು ಹಮ್ಮು. ಕಣ್ಣ ಕೆಳಗೆ ಕಪ್ಪಾಯಿತು, ತಲೆಗೂದಲು ಉದುರಿತು. ಮೂರನೆಯ ವರ್ಷ, ನಾಲ್ಕನೆಯ ವರ್ಷ ಅಂಚಿನಲ್ಲಿ ದಾಟಿದೆ. ಒಂದೊಂದು ಸಲ ಹೋಟೆಲಿನ ಮುಂದೆ ಹಾದುಹೋಗುವಾಗ ಡಿಕಾಕ್ಷನ್ನಿನ ಘಮಕ್ಕೆ ಕಾಲು ನಿಲ್ಲುತ್ತಿತ್ತು. ಆಗೆಲ್ಲ, ಬಾವಿಯೊಳಗೆ ಇಳಿಯುತ್ತಿದ್ದ ಮರಿಸ್ವಾಮಣ್ಣನ ಮುಖ ನೆನೆಯುತ್ತಿದ್ದೆ. ನಗುಮುಖದ ಮನುಷ್ಯ, ಅವನಿಗೆ ಎರಡು ಹೆಣ್ಣುಮಕ್ಕಳು. ಅವನ ಸೊಂಟದ ಹಗ್ಗದ ಇನ್ನೊಂದು ತುದಿ ಅವ್ವನ ಕೈಯಲ್ಲಿ, ಅವ್ವನ ಕಣ್ಣು ನನ್ನ ನಾಲಿಗೆಯಲ್ಲಿ.

ಕೊನೆಯ ಪರೀಕ್ಷೆ ಬಂತು. ಎಂಟು ಪತ್ರಿಕೆಗಳನ್ನು ಬರೆದೆ. ಹೇಗೆ ಬರೆದೆನೆಂದು ಕೇಳಬೇಡಿ. ಒಂಬತ್ತನೆಯದು ಶಸ್ತ್ರಚಿಕಿತ್ಸೆ, ಎಲ್ಲಕ್ಕಿಂತ ಕಠಿಣ. ಹಿಂದಿನ ದಿನ ಮಧ್ಯಾಹ್ನ ತಾಹಿರಾಳ ಮನೆಯಲ್ಲಿ ಇಬ್ಬರೂ ಓದಲು ಕೂತಿದ್ದೆವು. ನಾನಿ ಎಂದಿನಂತೆ ಮಂಚದ ಮೇಲೆ ಸುಖವಾಗಿ ಗೊರಕೆ ಹೊಡೆಯುತ್ತಿದ್ದರು. ನಾನು ಒಂದೇ ಸಾಲನ್ನು ಏಳನೆಯ ಸಲ ಓದುತ್ತಿದ್ದೆ. ಅಕ್ಷರಗಳು ಇರುವೆಗಳ ಹಾಗೆ ಹರಿದಾಡಿದವು. ಪುಸ್ತಕ ಮುಚ್ಚಿ, "ಮುಗೀತು ತಾಹಿರಾ. ನಾಳೆ ನಾನು ಹೋಗೋದಿಲ್ಲ" ಎಂದೆ. ಅಳಲೂ ಶಕ್ತಿ ಇರಲಿಲ್ಲ.

ತಾಹಿರಾ ಎದ್ದುಹೋಗಿ ಒಂದು ಲೋಟ ತಂದು ನನ್ನ ಮುಂದಿಟ್ಟಳು. "ಇವತ್ತು ಅಮಾವಾಸ್ಯೆ ಕಣೇ. ಅಮಾವಾಸ್ಯೆ ದಿನ ಯಾರೂ ಬಾವಿಗಿಳಿಯಲ್ಲ ತಾನೇ? ನಿಮ್ಮಮ್ಮ ಮನೇಲಿರ್ತಾರೆ. ಒಂದು ಗಂಟೆ ಮಲಗಿದ್ರೆ ಯಾರಿಗೇನು ನಷ್ಟ? ಕುಡಿ."

ನಿಜವಾಗಿತ್ತು. ನನಗೆ ತಿಳಿದಂತೆ ಅಮಾವಾಸ್ಯೆಯ ದಿನ ಒಂದು ಹಗ್ಗವೂ ಬಾವಿಗೆ ಇಳಿದದ್ದಿಲ್ಲ. ಬೆಳಿಗ್ಗೆ ನಾನು ಹೊರಡುವಾಗ ಅವ್ವ ಜಗಲಿಯ ಮೇಲೆ ಕೌದಿ ಹೊಲಿಯುತ್ತ ಕೂತಿದ್ದಳು. ಹನ್ನೆರಡು ವರ್ಷದ ಆಣೆಯನ್ನು ನಾನು ಮೂರು ಗುಟುಕಿನಲ್ಲಿ ಮುಗಿಸಿದೆ. ಕಹಿ, ಸಿಹಿ, ಬಿಸಿ. ಇದಕ್ಕಾಗಿಯೇ ಇಷ್ಟು ವರ್ಷ ಸತ್ತೆನೇ ಎನ್ನಿಸಿತು. ಸ್ವಲ್ಪ ಹೊತ್ತಿಗೆ ತಲೆಯೊಳಗಿನ ಕಸವನ್ನೆಲ್ಲ ಯಾರೋ ಗುಡಿಸಿದ ಹಾಗಾಯಿತು. ಆ ಸಾಲು ಅರ್ಥವಾಯಿತು. ಅದರ ಮುಂದಿನದೂ ಅರ್ಥವಾಯಿತು. ತಲೆಯೆತ್ತಿ ಅತ್ತಿತ್ತ ನೋಡದೆ ನಾಲ್ಕು ಪುಟ ತಿರುಗಿಸಿದೆ.

ಆಗ ಬೀದಿಯಲ್ಲಿ ಸೊಪ್ಪು ಮಾರುವ ಕಾಳಮ್ಮ ಕಿಟಕಿಯ ಹತ್ತಿರ ನಿಂತಳು. "ಇಲ್ಲೇ ಇದೀಯಾ ಚೆನ್ನಾಜವ್ವ? ಚಾವಡಿ ಬಾವೀಗೆ ಕರು ಬಿದ್ದೈತೆ. ಅಮಾಸೆ ಆದ್ರೂ ಆಗ್ಲಿ, ಗೋಹತ್ಯೆ ಪಾಪ ಬ್ಯಾಡ ಅಂತ ಮರಿಸ್ವಾಮಿ ಇಳ್ದವ್ನೆ. ನಿಮ್ಮವ್ವನೇ ಹಗ್ಗ ಹಿಡ್ದಿರೋದು."

ನಾನು ಹೇಗೆ ಎದ್ದೆ, ಯಾವ ಬೀದಿ ಹಿಡಿದೆ ಒಂದೂ ನೆನಪಿಲ್ಲ. ದಾರಿಯಲ್ಲಿ ಒಂದು ಕಡೆ ಮೋರಿಯ ಪಕ್ಕ ಕೂತು ಗಂಟಲಿಗೆ ಬೆರಳು ಹಾಕಿಕೊಂಡೆ, ಕುಡಿದದ್ದೆಲ್ಲ ಹೊರಗೆ ಬರಲಿ ಎಂದು. ಬರೀ ಜೊಲ್ಲು ಬಂತು. ಮತ್ತೆ ಓಡಿದೆ. ಮರಿಸ್ವಾಮಣ್ಣನ ಹೆಣ್ಣುಮಕ್ಕಳ ಹೆಸರು ಬಾಯಿಗೆ ಬಂತು, ಅಪ್ಪನ ಹೆಸರು ಬಂತು. ಯಾವ ದೇವರನ್ನು ಕರೆಯಬೇಕೆಂದು ತಿಳಿಯದೆ, ಅವ್ವ ನನ್ನನ್ನು ಇಷ್ಟು ದಿನ ದ್ವೇಷಿಸಿದ್ದು ನಿಜವೇ ಆಗಿರಲಿ, ಈ ಒಂದು ಗಳಿಗೆ ನನ್ನ ನೆನಪು ಅವಳಿಗೆ ಬಾರದಿರಲಿ ಎಂದು ಬೇಡಿಕೊಂಡೆ. ಬಾಯಿಬಿಟ್ಟು ಹಾಗೆಯೇ ಬೇಡಿಕೊಂಡೆ.

ಚಾವಡಿ ಬಾವಿಯ ಸುತ್ತ ಜನ. ನುಗ್ಗಿ ಒಳಗೆ ಹೋದೆ. ಅವ್ವ ಬಲಗಾಲನ್ನು ಕಲ್ಲುಗೂಟಕ್ಕೆ ಒತ್ತಿ ಕೂತಿದ್ದಳು. ಹಗ್ಗ ಬಿಗಿಯಾಗಿತ್ತು. ಅವಳ ಕಣ್ಣು ಬಾವಿಯ ಬಾಯನ್ನು ಬಿಟ್ಟು ಅಲುಗಲಿಲ್ಲ. ಎರಡೂ ಕಣ್ಣು ನಿಚ್ಚಳವಾಗಿ ತೆರೆದಿದ್ದವು. ಕೆಳಗಿನಿಂದ ಎರಡು ಸಲ ಜಗ್ಗಿದ್ದೇ ತಡ, "ಎಳೀರಪ್ಪ" ಎಂದಳು. ಆರು ಜನ ಎಳೆದರು. ಕರುವನ್ನು ಹೆಗಲಿಗೆ ಹಾಕಿಕೊಂಡು ಮರಿಸ್ವಾಮಣ್ಣ ಮೇಲೆ ಬಂದ, ಮೈಯೆಲ್ಲ ಕೆಸರು, ಹಲ್ಲು ಕಿರಿದು ನಗುತ್ತಿದ್ದ. ನನಗೆ ಹೋದ ಜೀವ ಬಂದಂತಾಯಿತು.

ಜನ ಚೆದುರಿದರು. ಅವ್ವ ಹಗ್ಗ ಸುತ್ತತೊಡಗಿದಳು. ನನಗೆ ಒಂದು ಚೂರೂ ನಿದ್ದೆಯಿರಲಿಲ್ಲ. ಐದು ವರ್ಷದಲ್ಲಿ ಅಷ್ಟು ಎಚ್ಚರವಾಗಿ ನಾನು ಇದ್ದದ್ದೇ ಇಲ್ಲ. ಅಂದರೆ ನನ್ನ ನಿದ್ದೆ ಯಾರಿಗೋ ಹೋಗಿತ್ತು, ಅವ್ವನಿಗೆ ಹೋಗಿರಲಿಲ್ಲ. ಇದು ತಲೆಗೆ ಹತ್ತಲು ಸ್ವಲ್ಪ ಹೊತ್ತು ಬೇಕಾಯಿತು.

"ಅವ್ವ, ನಾನು ಕಾಫಿ ಕುಡ್ದೆ," ಎಂದೆ.

"ಯಾವಾಗ?"

"ಈಗ್ಲೇ. ಮರಿಸ್ವಾಮಣ್ಣ ಕೆಳಗಿದ್ದಾಗ."

ಅವಳ ಕೈ ನಿಂತಿತು. ನನ್ನನ್ನು ನೋಡಿದಳು. ಬೈಯುತ್ತಾಳೆಂದು ಕಾದೆ, ಹೊಡೆದರೂ ಸರಿ ಎಂದುಕೊಂಡೆ. ಅವಳ ಮುಖ ಮೆಲ್ಲಗೆ ಅರಳಿತು.

"ನಂಗೊಂದು ಆಕಳಿಕೇನೂ ಬರ್ನಿಲ್ಲ," ಎಂದಳು. "ಹಂಗಾದ್ರೆ ಆಯ್ತು. ಸದ್ಯ, ಆಯ್ತು ಬಿಡು."

"ಏನಾಯ್ತು?"

ಅವ್ವ ಹಗ್ಗದ ಸುರುಳಿಯನ್ನು ತೊಡೆಯ ಮೇಲಿಟ್ಟುಕೊಂಡು, ಮುಗಿದ ಕೆಲಸದ ವಿಷಯ ಹೇಳುವವರ ಹಾಗೆ ಹೇಳಿದಳು. "ನೀನು ಫೇಲಾಗಿ ಬಂದು ಅಕ್ಕಿ ಮೊರದ ಮೇಲೆ ಮಲಗಿದ್ಯಲ್ಲ, ಆವತ್ತು ಅಂದ್ಕೊಂಡೆ. ಈ ಕೂಸಿಗೆ ಅಡ್ಡ ಆಗಿರೋದು ನಾನು ನೆನೆಯೋದು. ನಾನು ನೆನೆಯೋದ ಬಿಟ್ರೆ ಇದು ಕಾಫಿ ಕುಡ್ಕೊಂಡು ಎಲ್ರಂಗೆ ಓದ್ಕೊತದೆ. ನೀನು ನೆನಪಾದಾಗೆಲ್ಲ ರಾಟೆ ಸುತ್ತು ಎಣಿಸೋಕೆ ಸುರು ಮಾಡ್ದೆ. ಮೊದ್ಮೊದ್ಲು ಇಡೀ ದಿನ ಎಣಿಸ್ತಾ ಇದ್ದೆ, ಬಾಯಿ ಒಣಗೋದು. ಆಮೇಲೆ ಅರ್ಧ ದಿನ. ಹೋದ್ ವರ್ಷ ಒಂದಿನ ಎಣಿಸೋ ಕೆಲ್ಸಾನೇ ಬರ್ನಿಲ್ಲ. ಮನೇಗೆ ಬಂದೆ, ಬಾಗ್ಲಲ್ಲಿ ಚಪ್ಪಲಿ ಇತ್ತು. ಯಾರ್ ಬಂದವ್ರೆ ಅಂದ್ಕೊಂಡೆ."

"ನಂಗೆ ಹೇಳ್ಬೋದಿತ್ತಲ್ಲವ್ವ. ಮೂರು ವರ್ಷ ನಾನು ನಿನಗೋಸ್ಕರನೇ ಮುಟ್ಟಲಿಲ್ಲ."

"ಖಾತ್ರಿ ಆಗದೆ ಹೆಂಗೆ ಹೇಳ್ಲಿ? ಸುಮ್ನೆ ಹೇಳಿ, ನೀನು ಕುಡ್ದು, ನಂಗೆ ಜೋಂಪು ಬಂದಿದ್ರೆ ಮರಿಸ್ವಾಮಿ ಗತಿ? ಖಾತ್ರಿ ಆದ್ಮೇಲೆ ಹೇಳಾಣ ಅಂತಿದ್ದೆ." ಅವ್ವ ಸ್ವಲ್ಪ ಯೋಚಿಸಿದಳು. "ಖಾತ್ರಿ ಆಗೋ ಹೊತ್ಗೆ ಹೇಳೋದೇ ನೆನಪಾಗ್ನಿಲ್ಲ."

ಸೂರ್ಯ ಇನ್ನೂ ಮೇಲಿದ್ದ. ಅವ್ವ ಹಗ್ಗವನ್ನು ಹೆಗಲಿಗೇರಿಸಿ, "ಓದ್ಕೊ ಹೋಗು, ಈಗ ಎಷ್ಟು ಬೇಕಾದ್ರೂ ಕುಡಿ" ಎಂದು ಹೇಳಿ ಹೋದಳು. ನಾನು ತಾಹಿರಾಳ ಮನೆಗೆ ಮರಳಿದೆ. ಅವಳು ಪುಸ್ತಕದ ಮೇಲೆ ಮುಖವಿಟ್ಟು ಮಲಗಿದ್ದಳು, ಒಂದು ಕೈ ಖಾಲಿ ಲೋಟದ ಮೇಲಿತ್ತು. ಎಷ್ಟು ಅಲುಗಿಸಿದರೂ ಏಳಲಿಲ್ಲ. ನನ್ನ ನಿದ್ದೆ ಎಲ್ಲಿಗೆ ಹೋಗಿದೆಯೆಂದು ಆಗ ತಿಳಿಯಿತು. ಆ ಮಧ್ಯಾಹ್ನ ಓದಬೇಕಾಗಿದ್ದದ್ದನ್ನು ಅವಳು ಓದಲಿಲ್ಲ, ಮಾರನೆಯ ದಿನದ ಪತ್ರಿಕೆಯಲ್ಲಿ ಫೇಲಾದಳು, ಕೊನೆಯ ವರ್ಷಕ್ಕೆ ಮರುಪರೀಕ್ಷೆಯಿಲ್ಲದೆ ಒಂದು ವರ್ಷ ಕಳೆದುಕೊಂಡಳು. ಒಂದು ದಿನವೂ ನನ್ನನ್ನು ಬೈಯಲಿಲ್ಲ. ನಾನು ಪಾಸಾದೆ. ಉಳಿದ ಮೂರು ಪತ್ರಿಕೆಗಳನ್ನು ಕಾಫಿಯಿಲ್ಲದೆಯೇ ಬರೆದೆ. ಆ ದಿನಗಳಲ್ಲಿ ನನಗೆ ನಿದ್ದೆಯೇ ಬರಲಿಲ್ಲ.

ಫಲಿತಾಂಶ ಬಂದ ದಿನ ಬೋರಣ್ಣ, ಮರಿಸ್ವಾಮಣ್ಣ ಎಲ್ಲ ಮನೆಗೆ ಬಂದರು. ಅವ್ವ ಅವರೊಂದಿಗೆ ನಿಂತು ನನಗೆ ಕೈಮುಗಿದು, "ಒಳ್ಳೇದಾಗ್ಲಿ ಡಾಕ್ಟ್ರವ್ವ" ಎಂದಳು. ಅದರಲ್ಲಿ ಕೊಂಕಿರಲಿಲ್ಲ. ಊರಿನ ಮಗಳೊಬ್ಬಳು ಮುಂದೆ ಬಂದಳೆಂದು ಅವಳಿಗೆ ಸಂತೋಷವಾಗಿತ್ತು. ನಾನು ಒಳಗೆ ಹೋಗಿ ಒಲೆಯ ಮುಂದೆ ಕೂತು ಅತ್ತೆ.

ಈಗ ನಾನು ಊರಿನ ಆಸ್ಪತ್ರೆಯಲ್ಲೇ ಇದ್ದೇನೆ. ತಾಹಿರಾ ಮರುವರ್ಷ ಪಾಸಾಗಿ, ಮದುವೆಯಾಗಿ ಬೇರೆ ಊರಿಗೆ ಹೋದಳು; ಅಲ್ಲಿ ಕಾಫಿ ಕುಡಿದರೆ ಏನೂ ಆಗುವುದಿಲ್ಲವಂತೆ, ಬರೀ ಕಾಫಿಯಂತೆ. ಅವ್ವನ ಕೈಯಿಂದ ಹಗ್ಗ ಬಿಡಿಸಿ ನಾಲ್ಕು ವರ್ಷವಾಯಿತು. ಬಿಡಿಸಿದ ದಿನವೇ ಅವಳ ಎದುರು ಕೂತು, "ಇನ್ನು ನೀನು ನನ್ನ ನೆನೀಬಹುದು ಅವ್ವ, ಯಾರಿಗೂ ಏನೂ ಆಗಲ್ಲ" ಎಂದೆ. "ನೋಡ್ತೀನಿ ಕಣವ್ವ" ಎಂದಳು. ಪ್ರಯತ್ನವನ್ನೂ ಮಾಡಿದಳು, ಮೋಸ ಮಾಡಲಿಲ್ಲ. ನನ್ನ ಬಾಲ್ಯದ್ದನ್ನೆಲ್ಲ ನನ್ನಿಂದಲೇ ಹೇಳಿಸಿದಳು. ಮೂರು ವರ್ಷದವಳಾಗಿದ್ದಾಗ ನಾನು ಸಂತೆಯಲ್ಲಿ ತಪ್ಪಿಸಿಕೊಂಡದ್ದು, ಅಪ್ಪ ಹೋದ ದಿನ ಅವಳ ಸೆರಗು ಬಿಡದೆ ಮಲಗಿದ್ದು, ಆಣೆ ಇಟ್ಟದ್ದು. ಗಲ್ಲಕ್ಕೆ ಕೈಯಿಟ್ಟು ಕೇಳಿದಳು. ಕೊನೆಯಲ್ಲಿ "ಪಾಪ, ಒಳ್ಳೇ ಕೂಸು" ಎಂದಳು. ಪಕ್ಕದ ಮನೆಯ ಮಗುವಿನ ಬಗ್ಗೆ ಹೇಳಿದ ಹಾಗಿತ್ತು.

ದಿನವೂ ಸಂಜೆ ನಾಲ್ಕಕ್ಕೆ ಆಸ್ಪತ್ರೆಯಿಂದ ಬಂದು ಅವಳ ಎದುರು ಕೂತು ಒಂದು ಲೋಟ ಕಾಫಿ ಕುಡಿಯುತ್ತೇನೆ. ಕುಡಿದು ಅವಳ ಕಣ್ಣನ್ನೇ ನೋಡುತ್ತೇನೆ. ನಿದ್ದೆ ಹೋಗುವುದು ಬೇರೆ ಕಡೆಗೆ. ನೋವಿನಲ್ಲಿ ನನ್ನ ದಾರಿ ಕಾಯುವ ಯಾರೋ ಒಬ್ಬ ರೋಗಿ ಅದೇ ಹೊತ್ತಿಗೆ ವಾರ್ಡಿನಲ್ಲಿ ಕಣ್ಣು ಮುಚ್ಚಿದನೆಂದು ಮಾರನೆಯ ದಿನ ನರ್ಸಮ್ಮ ಹೇಳುತ್ತಾಳೆ. ಡಾಕ್ಟರಾದವಳಿಗೆ ಅದು ಸಾಲಬೇಕು. ಸಾಲುವುದಿಲ್ಲ.

ಮೊದಲ ವರ್ಷ ಅವ್ವನೂ ನಿದ್ದೆ ಬರುತ್ತದೋ ಎಂದು ನನ್ನ ಜೊತೆಗೇ ಕಾಯುತ್ತಿದ್ದಳು. ಆಮೇಲೆ ನನ್ನ ಮುಖ ನೋಡಿ ಅವಳಿಗೆ ಏನನ್ನಿಸಿತೋ, ಒಂದು ಸಂಜೆ ನಾನು ಲೋಟ ಕೆಳಗಿಡುತ್ತಲೇ ಆಕಳಿಸಿದಳು. ಗೋಡೆಗೆ ಒರಗಿ ಕಣ್ಣು ಮುಚ್ಚಿದಳು. ಕೈಯನ್ನು ಮಡಿಲಲ್ಲಿ ಸಡಿಲ ಬಿಟ್ಟಳು, ಬಾಯಿಯನ್ನೂ ಒಂದಿಷ್ಟು ತೆರೆದಳು. ಅಂದಿನಿಂದ ದಿನವೂ ಹಾಗೆಯೇ. ನಾನು ಪಕ್ಕದಲ್ಲಿ ಕೂತು ನೋಡುತ್ತೇನೆ. ರೆಪ್ಪೆಯ ಅಡಿಯಲ್ಲಿ ಅವಳ ಕಣ್ಣು ನಾನು ಇದ್ದೇನೆಯೋ ಹೋದೆನೋ ಎಂದು ಹುಡುಕುತ್ತಿರುತ್ತದೆ. ಉಸಿರು ಮಲಗಿದವರ ಉಸಿರಲ್ಲ, ಅಷ್ಟು ಓದಿದವಳಿಗೆ ಅದು ತಿಳಿಯದೇ? ಎದ್ದು, ಅವಳ ಮೇಲೆ ಕೌದಿ ಹೊದಿಸಿ, ಎಚ್ಚರವಾಗಬಾರದೆಂದು ತುದಿಗಾಲಿನಲ್ಲಿ ಹೊರಗೆ ಬರುತ್ತೇನೆ.